ಮೇವು ಹಾಕದೆ ಹಾಲು ಕೇಳಿದರೆ?

ವ್ಯಾಪಾರ ಸರ್ಕಾರದ ಕೆಲಸವಲ್ಲ ಅನ್ನೋ ಮಾತನ್ನು ನಾನೂ ಒಪ್ಪುತ್ತೇನೆ. ನಷ್ಟದ ಕಾರ್ಖಾನೆಗೆ ತೆರಿಗೆದಾರರ ದುಡ್ಡು ಸುರಿಯೋದು ದೇಶಪ್ರೇಮ ಅಲ್ಲ. ಆದರೆ ಭದ್ರಾವತಿಯ ಲೆಕ್ಕ ಬೇರೆ.

ನಾಲ್ವಡಿಯವರ ಆಳ್ವಿಕೆ, ವಿಶ್ವೇಶ್ವರಯ್ಯನವರ ಕನಸು. 1923ರಲ್ಲಿ ಅಲ್ಲಿ ಕಬ್ಬಿಣ ಕರಗತೊಡಗಿತು. ಮಲೆನಾಡಿನ ಇದ್ದಿಲು, ಕೆಮ್ಮಣ್ಣುಗುಂಡಿಯ ಅದಿರು. ಸ್ವದೇಶಿ ಅಂದ್ರೆ ಅದು! 1998ರಲ್ಲಿ ಕಾರ್ಖಾನೆ ಸೈಲ್ ಜೊತೆ ವಿಲೀನವಾಯ್ತು. ಆಮೇಲೇನಾಯ್ತು? ಕೈಯಲ್ಲಿ ಸ್ವಂತ ಗಣಿ ಇಲ್ಲ, ಬೇಕಾದಷ್ಟು ಬಂಡವಾಳವೂ ಬರಲಿಲ್ಲ. ಮಾರಾಟಕ್ಕಿಟ್ಟರೂ ವ್ಯವಹಾರ ಕುದುರಲಿಲ್ಲ. 2023ರ ಜನವರಿಯಲ್ಲಿ, ನೂರು ತುಂಬುವ ವರ್ಷದಲ್ಲೇ, ಮುಚ್ಚುವ ನಿರ್ಧಾರ ಬಂತು. ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ಅದೇ ವರ್ಷ ಒಂದಿಷ್ಟು ಕೆಲಸ ಮತ್ತೆ ಶುರುವಾಯ್ತು, ಅಷ್ಟೇ.

ಮೇವು ಹಾಕದೆ ಹಾಲು ಕೊಡ್ಲಿಲ್ಲ ಅಂದ್ರೆ ತಪ್ಪು ಹಸುವಿನದಾ?

ಖಾಸಗಿಯವರು ನಡೆಸಲಿ, ನನ್ನ ತಕರಾರಿಲ್ಲ. ಆದರೆ ಗಣಿಯನ್ನೂ ಸೇರಿಸಿ ಮಾರಿ. ಗುತ್ತಿಗೆ ಕಾರ್ಮಿಕನ ಕೆಲಸವನ್ನು ಕರಾರಿನಲ್ಲೇ ಬರೆಯಿರಿ. ರೈಲಿಗೆ, ರಕ್ಷಣೆಗೆ ಬೇಕಾದ ವಿಶೇಷ ಉಕ್ಕು ಮಾಡಿದ ಕೈಗಳು ಅವು. ಒಮ್ಮೆ ಚದುರಿದರೆ ಯಾವ ಟೆಂಡರ್ ಕರೆದರೂ ವಾಪಸ್ ಬರೋದಿಲ್ಲ.

ಮಾರುಕಟ್ಟೆ ಬೇಕು, ಸರಿ. ಮನೆ ಕಟ್ಟಿದವನನ್ನು ಬೀದಿಗೆ ತಳ್ಳುವ ಮಾರುಕಟ್ಟೆ ಬೇಕಾ? ಯೋಚನೆ ಮಾಡಿ.