ಮಕ್ಕಳ ಹಾಡಿಗೆ ಬೇಲಿ ಬೇಡ

(ಕನ್ನಡ ಮಾಧ್ಯಮ ಶಾಲೆಗಳ ಪಾಲಕರ ಮುಂದೆ ಮಾಡಿದ ಭಾಷಣ)



ನಮ್ಮ ಮಕ್ಕಳ ಬಗ್ಗೆ ಎರಡು ಮಾತುಗಳು ಮೇಲಿಂದ ಮೇಲೆ ಕಿವಿಗೆ ಬೀಳುತ್ತವೆ. "ಕನ್ನಡ ಶಾಲೆ ಹುಡುಗನಿಗೆ ಗಿಟಾರು ಯಾಕೆ, ಭಜನೆ ಪದ ಸಾಕು" ಎಂದು ಹೊರಗಿನವರು ಅನ್ನುತ್ತಾರೆ. "ಮಗಳು ಬರೀ ತೆಲುಗು ಹಾಡು ಹಾಡುತ್ತಾಳೆ, ಕನ್ನಡ ಮರೆತುಬಿಟ್ಟಾಳು" ಎಂದು ಮನೆಯವರಾದ ನಾವು ಅಂಜುತ್ತೇವೆ. ಎರಡರ ಬೇರೂ ಒಂದೇ. ಇಂಥ ಭಾಷೆಯವರಿಗೆ, ಇಂಥ ಜಾತಿಯವರಿಗೆ ಇಂಥದೇ ಸಂಗೀತ ಎಂಬ ತಪ್ಪು ಎಣಿಕೆ.

ಸ್ಯಾಕ್ಸೊಫೋನನ್ನೇ ನೋಡಿರಿ. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ 1840ರ ದಶಕದಲ್ಲಿ ಮಾಡಿದ ವಾದ್ಯ ಅದು. ಯುರೋಪಿನ ಮಿಲಿಟರಿ ಬ್ಯಾಂಡುಗಳಲ್ಲಿ ಬಳಕೆಯಾಗಿ, ಮುಂದೆ ಅಮೆರಿಕದ ಕಪ್ಪು ಜನರ ಜಾಜ್ ಸಂಗೀತದಲ್ಲಿ ದೊಡ್ಡ ಹೆಸರು ಪಡೆಯಿತು. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು (1949–2019) ನಾಗಸ್ವರ ನುಡಿಸುವವರ ಮಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಆ ವಾದ್ಯ ಕೇಳಿ ಮನಸೋತರು. ಗಮಕಗಳಿಗೆ ಒದಗುವಂತೆ ಅದನ್ನು ಮಾರ್ಪಡಿಸಿಕೊಂಡು, ವರ್ಷಗಟ್ಟಲೆ ಸಾಧನೆ ಮಾಡಿ, ಕರ್ನಾಟಕ ಸಂಗೀತವನ್ನೇ ನುಡಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲೂ ನುಡಿಸಿದರು. ಪರದೇಶದ ವಾದ್ಯ ಹಿಡಿದದ್ದರಿಂದ ಅವರು ಪರಕೀಯರಾಗಲಿಲ್ಲ.

ಧಾರವಾಡದಲ್ಲಿ 1913ರಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ಲರ ತಾಯಿ ಹಾಡುತ್ತಿದ್ದದ್ದು ಕರ್ನಾಟಕ ಸಂಗೀತ. ಮಗಳು ಒಲಿದದ್ದು ಹಿಂದೂಸ್ತಾನಿಗೆ. ಅವರ ಗುರು ಕುಂದಗೋಳದ ಸವಾಯಿ ಗಂಧರ್ವರು. ಗುರುವಿನ ಗುರು ಅಬ್ದುಲ್ ಕರೀಂ ಖಾನರು. ಜಾತಿಯ ನಿಂದೆಯನ್ನು ಸಹಿಸಿ, ಹೆಣ್ಣಿನ ದನಿ ಹೀಗೇ ಇರಬೇಕೆಂಬ ಎಣಿಕೆಯನ್ನು ತಮ್ಮ ಗಡಸು ಕಂಠದಿಂದ ಮೀರಿ, ದೇಶಕ್ಕೇ ಹೆಸರಾದರು.

ಇನ್ನು ತೆಲುಗಿನ ಅಂಜಿಕೆ. ತ್ಯಾಗರಾಜರು ತಮಿಳು ನಾಡಿನಲ್ಲಿದ್ದು ತೆಲುಗಿನಲ್ಲಿ ಕೃತಿ ರಚಿಸಿದರು. ಅವನ್ನು ತಲೆತಲಾಂತರದಿಂದ ಹಾಡುತ್ತ ಬಂದ ಕನ್ನಡದ ವಿದ್ವಾಂಸರು ಕನ್ನಡ ಮರೆಯಲಿಲ್ಲ. ಕಾಕಿನಾಡದಲ್ಲಿ ಹುಟ್ಟಿದ ಪಿ.ಬಿ. ಶ್ರೀನಿವಾಸ್ ಡಾ. ರಾಜಕುಮಾರರಿಗೆ ಹಾಡಿನ ಕಂಠವಾದರು. ನಮ್ಮ ಗದ್ವಾಲ್ ಕಡೆಯ ಉತ್ತನೂರಿನಲ್ಲಿ 18ನೆಯ ಶತಮಾನದ ಗೋಪಾಲದಾಸರು ಕನ್ನಡ ಪದಗಳನ್ನು ಹಾಡಿದರು. ಹಾಡುಗಳು ಹೀಗೆ ಮನೆಯಿಂದ ಮನೆಗೆ ಹೋಗಿ ಬರುತ್ತಲೇ ಇದ್ದವು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೂ ನಮ್ಮ ಊರುಗಳು ಆಂಧ್ರಕ್ಕೂ ಸೇರಿದವು. 2014ರಿಂದ ನಾವು ತೆಲಂಗಾಣದವರು. ಆ ಗಡಿ ಆಡಳಿತಕ್ಕೆ ಎಳೆದದ್ದು, ಕಿವಿಗೆ ಎಳೆದದ್ದಲ್ಲ.

ಹಾಗಾದರೆ ಕನ್ನಡ ಉಳಿಯುವುದು ಹೇಗೆ? ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ರಾಜ್ಯಗಳಿಗೆ ಹೇಳುತ್ತದೆ. ಶಿಕ್ಷಕರಿಲ್ಲದಿದ್ದರೆ, ಪುಸ್ತಕ ಬಾರದಿದ್ದರೆ ಅದನ್ನು ಮುಂದಿಟ್ಟು ಕೇಳೋಣ, ಬಿಡದೆ ಕೇಳೋಣ. ಮನೆಯಲ್ಲಿ ಕನ್ನಡ ಮಾತಾಡೋಣ, ದಿನಕ್ಕೆ ಒಂದು ಪುಟ ಓದಿಸೋಣ. ನುಡಿ ಉಳಿಯುವುದು ಇದರಿಂದ, ಮಗುವಿನ ಬಾಯಿ ಮುಚ್ಚಿಸುವುದರಿಂದಲ್ಲ. ತನಗೆ ಇಷ್ಟವಾದದ್ದಕ್ಕೆ ಬೈಸಿಕೊಂಡ ಮಗು, ಬೈದವರ ಭಾಷೆಯನ್ನೇ ದೂರ ಮಾಡಬಹುದು. ನನ್ನ ನಿಜವಾದ ಅಂಜಿಕೆ ಅದು.

ಆದ್ದರಿಂದ ಮಗಳು ತೆಲುಗು ಹಾಡು ಹಾಡಿದರೆ, "ಇದರ ಅರ್ಥ ಕನ್ನಡದಾಗ ಹೇಳವ್ವ" ಎಂದು ಕೇಳಿರಿ. ಮಗ ಕವ್ವಾಲಿ ಮೆಚ್ಚಿದರೆ ಜೊತೆಗೆ ಕೂತು ಕೇಳಿರಿ. ಶಾಲೆಯ ವಾರ್ಷಿಕೋತ್ಸವದಲ್ಲಿ ದಾಸರ ಪದದ ಪಕ್ಕದಲ್ಲಿ ಗಿಟಾರಿಗೂ ಐದು ನಿಮಿಷ ಕೊಡಿಸಿರಿ. ನಮ್ಮ ಮಕ್ಕಳು ಕನ್ನಡದಲ್ಲಿ ಕಲಿಯಲಿ, ಮನಸ್ಸಿಗೆ ಬಂದದ್ದನ್ನು ಹಾಡಲಿ.