ಅರವತ್ತು ಚೆಂಡು, ಆರು ಓಟ

ನರಗುಂದ, ಗಜೇಂದ್ರಗಡ, ಎರಡೂ ಕೋಟೆಯ ಊರುಗಳು. ರೋಣದವರಿಗೂ ಈ ಎರಡು ಗುಡ್ಡಗಳು ಅಪರಿಚಿತವಲ್ಲ. ಬಯಲಿಗೆ ನುಗ್ಗಿ ಗೆದ್ದವನ ಹೆಸರು ಬೇಗ ಹರಡುತ್ತದೆ. ಬುರುಜಿನ ಮೇಲೆ ಇರುಳೆಲ್ಲ ಎಚ್ಚರವಿದ್ದವನ ಹೆಸರು ಅಷ್ಟು ಬೇಗ ಹರಡುವುದಿಲ್ಲ. ಆಟದ ಬಯಲಿನಲ್ಲಿಯೂ ಇದೇ ನ್ಯಾಯ. ಗೋಲು ಹೊಡೆದವನು, ಸಿಕ್ಸರು ಬಾರಿಸಿದವನು ಮಕ್ಕಳ ನಾಲಗೆಯ ಮೇಲಿರುತ್ತಾನೆ. ಎದುರಾಳಿಯನ್ನು ತಡೆದು ನಿಲ್ಲಿಸಿದವನನ್ನು ಕೇಳುವವರಾರು? ನಮ್ಮ ಗದಗು ಜಿಲ್ಲೆಯವರೇ ಆದ ಅಂಥ ಒಬ್ಬ ಆಟಗಾರರನ್ನು ಇಂದು ನೆನೆಯೋಣ.

ಶ್ರೀ ಸುನೀಲ ಜೋಶಿಯವರು 1970ರ ಜೂನ್ 6ರಂದು ಗದಗಿನಲ್ಲಿ ಹುಟ್ಟಿದರು. ಎಡಗೈಯಿಂದ ಸ್ಪಿನ್ ಹಾಕುವವರು; ಬ್ಯಾಟು ಹಿಡಿದರೆ ಅಲ್ಲಿಯೂ ನಿಲ್ಲಬಲ್ಲವರು. ಬಾಲ್ಯದಲ್ಲಿ ಅವರು ನಸುಕಿನಲ್ಲಿಯೇ ಹೊರಟು, ಸುಮಾರು 60 ಕಿಲೋಮೀಟರು ದೂರದ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ಗದಗಿಗೆ ಮರಳುತ್ತಿದ್ದರು. ಪಾಠವೂ ತಪ್ಪಲಿಲ್ಲ, ಆಟವೂ ತಪ್ಪಲಿಲ್ಲ. ಮಾಸ್ತರನಾದ ನನಗೆ ಅವರ ಎಲ್ಲ ದಾಖಲೆಗಳಿಗಿಂತ ಇದು ದೊಡ್ಡದಾಗಿ ಕಾಣುತ್ತದೆ.

ಈ ದುಡಿಮೆ ಫಲಿಸಿತು. 1995–96ರ ರಣಜಿ ಪಂದ್ಯಗಳಲ್ಲಿ ಅವರು 500ಕ್ಕೂ ಮಿಕ್ಕಿ ಓಟ ಗಳಿಸಿ, 50ಕ್ಕೂ ಮಿಕ್ಕಿ ವಿಕೆಟ್ಟು ಕಿತ್ತರು. ಆ ವರ್ಷ ರಣಜಿ ಪಾರಿತೋಷಕ ಕರ್ನಾಟಕದ ಪಾಲಾಯಿತು. 1996ರಲ್ಲಿ ಇಂಗ್ಲೆಂಡಿನ ನೆಲದಲ್ಲಿ ಜೋಶಿಯವರು ಭಾರತದ ಪರವಾಗಿ ಮೊದಲ ಟೆಸ್ಟು ಆಡಿದರು.

ಇನ್ನು 1999ರ ಸೆಪ್ಟೆಂಬರ್ 26ರ ಮಾತು. ನೈರೋಬಿಯಲ್ಲಿ ಎದುರಿಗೆ ದಕ್ಷಿಣ ಆಫ್ರಿಕ. ಜೋಶಿಯವರು ಹಾಕಿದ್ದು 10 ಓವರು, ಅಂದರೆ 60 ಚೆಂಡು. ಕೊಟ್ಟ ಓಟ 6. ಕಿತ್ತ ವಿಕೆಟ್ಟು 5. ಹತ್ತರಲ್ಲಿ 6 ಓವರು ಮೇಡನ್, ಒಂದು ಓಟವೂ ಇಲ್ಲದವು. ಎದುರಾಳಿಗಳು 117ಕ್ಕೆ ಮುಗಿದರು. ಭಾರತ 8 ವಿಕೆಟ್ಟುಗಳಿಂದ ಗೆದ್ದಿತು.

ಬರಿದೆ ತಡೆಯುವುದರಿಂದ ವಿಕೆಟ್ಟು ಹೇಗೆ ಬೀಳುತ್ತದೆ ಎಂದು ನೀವು ಕೇಳಬಹುದು. ಬಾಗಿಲು ಮುಚ್ಚಿದಷ್ಟೂ ಒಳಗಿರುವವನಿಗೆ ಉಸಿರು ಕಟ್ಟುತ್ತದೆ. ಓಟ ಬಾರದ ಬ್ಯಾಟುಗಾರ ತಾಳ್ಮೆಗೆಡುತ್ತಾನೆ; ಹೊಡೆಯಬಾರದ ಚೆಂಡಿಗೆ ಕೈಚಾಚುತ್ತಾನೆ. ಬೌಲರನ ತಾಳ್ಮೆ ಅವನಿಗಿಂತ ಒಂದು ಗೇಣು ಉದ್ದವಿದ್ದರೆ ಸಾಕು.

2000ದ ನವೆಂಬರಿನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶದ ಮೊಟ್ಟಮೊದಲ ಟೆಸ್ಟು ನಡೆಯಿತು. ಅಲ್ಲಿ ಒಟ್ಟು 8 ವಿಕೆಟ್ಟು ಕಿತ್ತು, 92 ಓಟ ಗಳಿಸಿ, ಪಂದ್ಯಶ್ರೇಷ್ಠರೆನಿಸಿದವರೂ ಇವರೇ. ಆದರೂ ಅವರಿಗೆ ದೊರೆತ ಟೆಸ್ಟುಗಳು 15 ಮಾತ್ರ, ವಿಕೆಟ್ಟು 41. ಒಂದು ದಿನದ ಪಂದ್ಯಗಳು 69, ವಿಕೆಟ್ಟೂ 69. ಮುಂದೆ ತರಬೇತಿಯ ಕೆಲಸ ಹಿಡಿದರು. 2020ರಲ್ಲಿ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರೂ ಆದರು.

ನಮ್ಮ ಊರುಗಳಲ್ಲಿ ಇಂಥ ಹುಡುಗರು ಇಂದಿಗೂ ಇದ್ದಾರೆ. ಪ್ರಶ್ನೆ ಅವರ ಶಕ್ತಿಯದಲ್ಲ, ಮನೆಯವರ ನಂಬಿಕೆಯದು. ನಸುಕಿನ ಗಾಡಿ ಹಿಡಿಯುವ ಹುಡುಗನಿಗೆ ಬುತ್ತಿ ಕಟ್ಟಿಕೊಡುವವರು ಬೇಕು, “ಆಟದಿಂದ ಹೊಟ್ಟೆ ತುಂಬೀತೆ?” ಎಂಬ ಮಾತನ್ನು ನಾಲ್ಕು ವರ್ಷ ತಡೆದುಕೊಳ್ಳುವ ತಂದೆ ಬೇಕು. ಪುಣ್ಯಕ್ಕೆ ಇದಕ್ಕೆ ಹಣಕ್ಕಿಂತ ತಾಳ್ಮೆಯೇ ಹೆಚ್ಚು ಬೇಕಾದದ್ದು.

ಇಂದು ಸಂಜೆ ನಿಮ್ಮ ಮಗನೋ ಮಗಳೋ ಮೈಯೆಲ್ಲ ಧೂಳಾಗಿ ಮನೆಗೆ ಬಂದಾಗ, “ಎಷ್ಟು ಹೊಡೆದಿ?” ಎಂದು ಕೇಳುವಿರಷ್ಟೆ. ಅದರ ಜೊತೆಗೆ “ಎಷ್ಟು ತಡೆದಿ?” ಎಂದೂ ಒಂದು ಮಾತು ಕೇಳಿರಿ.