ಗೆರೆಯ ಚಿತ್ರ, ಚುಕ್ಕೆಯ ಚಿತ್ರ



ಕಂಪ್ಯೂಟರಿನಲ್ಲಿ ಚಿತ್ರಗಳು ಎರಡು ಬಗೆ. ಮೊಬೈಲಿನಲ್ಲಿ ತೆಗೆದ ಫೋಟೊ ಲಕ್ಷಾಂತರ ಚುಕ್ಕೆಗಳಿಂದ ಆದದ್ದು, ಒಂದೊಂದು ಚುಕ್ಕೆಗೂ ಒಂದು ಬಣ್ಣ. ಇದು ರಾಸ್ಟರ್. ಜೆಪಿಜಿ, ಪಿಎನ್‌ಜಿ ಫೈಲುಗಳು ಈ ಜಾತಿಯವು. ಇನ್ನೊಂದು ವೆಕ್ಟರ್. ಅದರಲ್ಲಿ ಚುಕ್ಕೆಗಳಿಲ್ಲ, ಇಲ್ಲಿಂದ ಅಲ್ಲಿಗೆ ಇಷ್ಟು ಬಾಗಿದ ಗೆರೆ ಎಂಬ ಲೆಕ್ಕ ಮಾತ್ರ ಇರುತ್ತದೆ. ಎಸ್‌ವಿಜಿ ಅಂಥದ್ದು, ಕೋರೆಲ್‌ಡ್ರಾದಲ್ಲಿ ಎಳೆದ ಗೆರೆಗಳೂ ಅಂಥವೇ.

ಇದು ಡಿಟಿಪಿ ಅಂಗಡಿಯವರ ವಿಷಯ, ನಮಗೇಕೆ ಎನ್ನಬೇಡಿ. ಶಾಲೆ, ಸಂಘ ಎಂದ ಮೇಲೆ ಒಂದು ಲಾಂಛನ ಇದ್ದೇ ಇರುತ್ತದೆ. ಅದರಲ್ಲಿ ಯಾರೋ ಹಿರಿಯ ಕಾತಿಬರು ಕಲಮಿನಿಂದ ಬರೆದ ಉರ್ದು ಹೆಸರು, ಕೆಳಗೆ ಕನ್ನಡ. ವಾರ್ಷಿಕೋತ್ಸವ ಬಂದಾಗ ಬ್ಯಾನರಿಗೆಂದು ವಾಟ್ಸಾಪ್‌ನಲ್ಲಿ ಬಂದ ಜೆಪಿಜಿಯನ್ನೇ ಕಳಿಸುತ್ತೇವೆ. ಅದರ ಅಗಲ 300 ಚುಕ್ಕೆ ಎಂದುಕೊಳ್ಳಿ. ಲೆಟರ್‌ಹೆಡ್ಡಿನಲ್ಲಿ ಒಂದು ಇಂಚಿಗೆ ಅದು ಚೆನ್ನಾಗಿಯೇ ಕಾಣುತ್ತದೆ. ಅದನ್ನೇ 10 ಅಡಿಗೆ ಹಿಗ್ಗಿಸಿದರೆ 120 ಇಂಚಿಗೆ 300 ಚುಕ್ಕೆ. ಒಂದೊಂದು ಚುಕ್ಕೆಯೂ ಒಂದು ಸೆಂಟಿಮೀಟರಿನ ಚೌಕ!

ವೆಕ್ಟರನ್ನು ರಾಸ್ಟರ್ ಮಾಡುವುದು ಸುಲಭ. ಮುದ್ರಿಸುವ ಇಂಚುಗಳನ್ನು 300ರಿಂದ ಗುಣಿಸಿ, ಅಷ್ಟು ಚುಕ್ಕೆಗೆ ಎಕ್ಸ್‌ಪೋರ್ಟ್ ಮಾಡಿದರಾಯಿತು. ಕಷ್ಟವಿರುವುದು ಹಿಂದಿರುಗಿ ಬರುವುದರಲ್ಲಿ. ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ 'ಟ್ರೇಸ್ ಬಿಟ್‌ಮ್ಯಾಪ್' ಇದೆ. ಪೀಟರ್ ಸೆಲಿಂಜರ್ ಎಂಬವರು ರೂಪಿಸಿದ ಪೋಟ್ರೇಸ್ ಅದರ ಹಿಂದೆ ಕೆಲಸ ಮಾಡುತ್ತದೆ. ಅದು ಅಕ್ಷರವನ್ನು ಓದುವುದಿಲ್ಲ. ಕಪ್ಪೆಲ್ಲಿ ಮುಗಿಯಿತು, ಬಿಳಿಯೆಲ್ಲಿ ಶುರುವಾಯಿತು ಎಂದು ನೋಡಿ ಅಂಚಿನ ಗೆರೆಯನ್ನು ಊಹಿಸುತ್ತದೆ, ಅಷ್ಟೆ.

ಇಲ್ಲಿ ನಮ್ಮ ಎರಡೂ ಭಾಷೆಗಳಿಗೆ ಅಪಾಯವಿದೆ. ಕಾಗದದ ಧೂಳಿನ ಕಲೆಗಳನ್ನು ತೆಗೆಯಲು ಅದರಲ್ಲಿ 'ಸ್ಪೆಕಲ್ಸ್' ಎಂಬ ಆಯ್ಕೆ ಇದೆ. ಅದನ್ನು ಹೆಚ್ಚಿಸಿದರೆ ಕಲೆಯ ಜೊತೆಗೆ ಸಣ್ಣ ನುಕ್ತಾಗಳೂ ಹೋಗುತ್ತವೆ. ಬೇ, ಪೇ, ತೇ, ಸೇ ಅಕ್ಷರಗಳಿಗೆ ನುಕ್ತಾ ಬಿಟ್ಟರೆ ಬೇರೆ ಗುರುತು ಏನಿದೆ? ಕನ್ನಡದಲ್ಲಿ ಶಾಯಿ ತುಂಬಿಕೊಂಡರೆ 'ಧ'ದ ಕೆಳಗಿನ ಸೀಳು ಮುಚ್ಚಿ 'ದ' ಆಗುತ್ತದೆ. ಆದ್ದರಿಂದ ಮೂಲ ಬರಹವನ್ನು ಮೊಬೈಲಿನಲ್ಲಿ ಹೊಡೆಯದೆ 600 ಡಿಪಿಐಗೆ ಸ್ಕ್ಯಾನ್ ಮಾಡಿಸಿ. ಟ್ರೇಸ್ ಆದ ಮೇಲೆ ಎರಡೂ ಲಿಪಿ ಬಲ್ಲವರು ಪಕ್ಕದಲ್ಲಿ ಕುಳಿತು ಒಂದೊಂದೇ ಅಕ್ಷರ ತಾಳೆ ನೋಡಬೇಕು. ಅಂಗಡಿಯ ಹುಡುಗನಿಗೆ ಉರ್ದು ಬಾರದಿದ್ದರೆ ಅದು ಅವನ ತಪ್ಪಲ್ಲ, ಕಳಿಸಿದ ನಮ್ಮ ಹೊಣೆ.

ನಸ್ತಾಲೀಕ್ ಲಿಪಿಯನ್ನು ಯಂತ್ರಕ್ಕೆ ತರಲು ಪಟ್ಟ ಪಾಡು ದೊಡ್ಡದು. ಮಿರ್ಜಾ ಅಹ್ಮದ್ ಜಮೀಲ್ ಸುಮಾರು 20,000 ಕೂಡಕ್ಷರಗಳನ್ನು ಕೈಯಿಂದ ಬರೆದ ಮೇಲೆ 1981ರಲ್ಲಿ ಮೊನೊಟೈಪ್ ಯಂತ್ರದಲ್ಲಿ ನೂರಿ ನಸ್ತಾಲೀಕ್ ಬಂತು. ಇನ್‌ಪೇಜ್ ಬಂದದ್ದು 1994ರಲ್ಲಿ. ಆಮೇಲೂ ಬಹುಕಾಲ ಉರ್ದು ಪತ್ರಿಕೆಗಳು ಇಂಟರ್‌ನೆಟ್ಟಿನಲ್ಲಿ ಪುಟಗಳನ್ನು ಚಿತ್ರವಾಗಿಯೇ ಹಾಕುತ್ತಿದ್ದವು. ಕಣ್ಣಿಗೆ ಓದಲು ಸಿಗುತ್ತಿತ್ತು, ಹುಡುಕಿದರೆ ಒಂದು ಪದವೂ ಸಿಗುತ್ತಿರಲಿಲ್ಲ.

ಪ್ರೆಸ್ಸಿನವರು 'ಕರ್ವ್ಸ್ ಮಾಡಿ ಕೊಡಿ' ಎನ್ನುತ್ತಾರೆ. ಕೊಡಿ, ಆದರೆ ಪ್ರತಿಯನ್ನು ಮಾತ್ರ. ಕರ್ವ್ಸ್ ಆದ ಅಕ್ಷರ ಬರೀ ಆಕಾರ. ಅದರಲ್ಲಿ ಕಾಗುಣಿತ ತಿದ್ದಲು ಬರುವುದಿಲ್ಲ. ಇನ್ನೊಂದು ಮಾತು: ಜೆಪಿಜಿಯನ್ನು ಸಿಡಿಆರ್ ಅಥವಾ ಪಿಡಿಎಫ್ ಒಳಗೆ ಇಟ್ಟ ಮಾತ್ರಕ್ಕೆ ಅದು ವೆಕ್ಟರ್ ಆಗದು. ಸಂಶಯವಿದ್ದರೆ ತೆರೆಯ ಮೇಲೆ ಹದಿನಾರು ಪಟ್ಟು ಹಿಗ್ಗಿಸಿ ನೋಡಿ, ಅಂಚಿನಲ್ಲಿ ಮೆಟ್ಟಿಲುಗಳೋ ಮಬ್ಬೋ ಕಂಡರೆ ಅದು ಚುಕ್ಕೆಯ ಚಿತ್ರವೇ.